ಬುಧಗ್ರಹಕ್ಕೆ ಎರಡನೇ ದರ್ಜೆ

ಗುರುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಲೋಟದಲ್ಲಿ ಕಾಫಿ ಇನ್ನೂ ಅರ್ಧ ಇರುವಾಗಲೇ, ಹಂದನಕೆರೆಯ ಮರುಳಸಿದ್ದಯ್ಯನವರು ಬುಧಗ್ರಹವನ್ನು ಎರಡನೇ ದರ್ಜೆಗೆ ಇಳಿಸಿಬಿಟ್ಟರು.

ಬುಧಗ್ರಹದ ಮೇಲೆ ಅವರಿಗೆ ಯಾವ ಹಗೆಯೂ ಇರಲಿಲ್ಲ. ಅದು ಬುಧಗ್ರಹ ಎಂದು ಗೊತ್ತಿದ್ದರೆ ತಾನೇ ಹಗೆ? ದುಂಡಗೆ, ಕಂದು ಬಣ್ಣಕ್ಕೆ, ಮೈತುಂಬ ಗುಳಿ ಬಿದ್ದುಕೊಂಡು ಫೋನಿನಲ್ಲಿ ಕಾಣಿಸಿದ್ದು ಉಂಡೆ ಕೊಬ್ಬರಿಯಲ್ಲದೆ ಬೇರೇನೋ ಇರಬಹುದು ಎಂಬ ಅನುಮಾನ ಅರವತ್ತೆಂಟು ವರ್ಷ ಕೊಬ್ಬರಿಯ ನಡುವೆಯೇ ಬಾಳಿದ ಮನುಷ್ಯನಿಗೆ ಯಾಕೆ ಬರಬೇಕು?

ನಮ್ಮ ಸೀಮೆಯಲ್ಲಿ ಕೊಬ್ಬರಿ ಅವಸರದ ಬಾಬತ್ತಲ್ಲ. ಬಲಿತ ಕಾಯಿ ಅಟ್ಟ ಹತ್ತಿ, ಹತ್ತು ಹನ್ನೊಂದು ತಿಂಗಳು ಯಾರ ತಂಟೆಗೂ ಹೋಗದೆ ಕತ್ತಲಲ್ಲಿ ಕೂತು, ತನ್ನ ನೀರನ್ನು ತಾನೇ ಕುಡಿದು, ಕರಟದ ಹಂಗು ಬಿಟ್ಟು ಉಂಡೆಯಾಗಬೇಕು. ಒಳಗೆ ಆಗಿದೆಯೋ ಇಲ್ಲವೋ ಎಂದು ಹೊರಗಿನಿಂದ ಹೇಳಲು ಕಿವಿ ಬೇಕು. ಹಂದನಕೆರೆ ಸುತ್ತಿನ ಏಳೆಂಟು ಹಳ್ಳಿಗಳಿಗೆ ಆ ಕಿವಿ ಮರುಳಸಿದ್ದಯ್ಯನವರದು. ಅವರು ಅಟ್ಟ ಹತ್ತಿ, ಕಾಯಿಯನ್ನು ಕಿವಿಯ ಪಕ್ಕ ಕುಲುಕಿ, "ಆಗೈತೆ, ಇಳ್ಸಿ" ಅಂದ ಮೇಲೇ ಕಾಯಿ ಇಳಿಯುವುದು. ಹೆಂಗಸರು ಕರಟ ಒಡೆದ ಮೇಲೆ ಮೊದಲನೇದು, ಎರಡನೇದು, ಮೂರನೇದು ಎಂದು ದರ್ಜೆ ಹೇಳುವವರೂ ಅವರೇ. ಆ ಮರ್ಯಾದೆಗಾಗಿಯೇ ಅವರು ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದರು.

ಕಷ್ಟ ಏನೆಂದರೆ, ಎರಡು ವರ್ಷದಿಂದ ಅವರ ಕಣ್ಣಿಗೆ ಪೊರೆ ಬಂದಿತ್ತು. ಜಗತ್ತೆಲ್ಲ ಗಂಜಿಯಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿತ್ತು. ಕಣ್ಣಿಗೆ ಕತ್ತಿ ತಗಲಿಸುತ್ತಾರೆ ಎಂಬ ಭಯ ಒಂದು. ಅದಕ್ಕಿಂತ ದೊಡ್ಡ ಭಯ, ಕಣ್ಣು ಮಂಜಾದವನನ್ನು ಇನ್ನು ಯಾರು ಅಟ್ಟಕ್ಕೆ ಕರೆಯುತ್ತಾರೆ ಎಂಬುದು. ಹಾಗಾಗಿ ಹೆಂಡತಿ ಚಿಕ್ಕಗೌರಮ್ಮನಿಗೂ ಹೇಳದೆ ಗುಟ್ಟು ಕಾಪಾಡಿಕೊಂಡಿದ್ದರು. ಫೋನಿನಲ್ಲಿ ಅಕ್ಷರ ಒತ್ತುವುದನ್ನು ಬಿಟ್ಟು ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಕೇಳಿದವರಿಗೆ, "ಬರ‍್ಯೋದು ಗುಮಾಸ್ತರ ಕೆಲ್ಸ ಕಣಪ್ಪ" ಎನ್ನುತ್ತಿದ್ದರು.

ಈಗ ಆ ಗುರುವಾರದ ವಿಷಯ. ಮೂರು ತಾಲ್ಲೂಕಿನ ಇನ್ನೂರ ನಲವತ್ತು ಜನ ಸೇರಿರುವ 'ಕಲ್ಪವೃಕ್ಷ ಹರಟೆ ಕಟ್ಟೆ' ಎಂಬ ವಾಟ್ಸಾಪ್ ಗುಂಪು. ಅಲ್ಲಿ ತೆಂಗಿನ ವಿಷಯ ಬಿಟ್ಟು ಮಿಕ್ಕ ಎಲ್ಲ ವಿಷಯವೂ ಚರ್ಚೆಯಾಗುತ್ತಿತ್ತು. ಚಿಕ್ಕನಾಯಕನಹಳ್ಳಿ ಬಸ್ಸಿನ ಕಂಡಕ್ಟರ್ ಭೀಮರಾಜು ಬೆಳಿಗ್ಗೆಯೇ ಕಿಡಿ ಹಚ್ಚಿದ್ದ.

"ಅಲ್ಲ ಕಣ್ರಪ್ಪಾ, ಇಷ್ಟೊಂದ್ ರಾಕೆಟ್ ಬುಡ್ತಾರಲ್ಲ, ನಮಗೇನ್ ಸಿಕ್ತು? ಚಂದ್ರನ ಮೇಲೆ ತೆಂಗಿನ ಸಸಿ ಇಡಾಕಾದೀತಾ?"

"ಇಟ್ರೂ ಕಾಯಿ ಕೆಡವಾಕೆ ಆಳೆಲ್ಲಿ ಸಿಕ್ತಾರೆ? ಇಲ್ಲೇ ಸಿಕ್ತಿಲ್ಲ," ಎಂದರು ತುರುವೇಕೆರೆಯವರೊಬ್ಬರು.

"ಅಲ್ಲಿ ಭಾರ ಕಮ್ಮಿಯಂತೆ. ಕಾಯಿ ಕಿತ್ರೆ ದಪ್ ಅಂತ ಬೀಳಲ್ಲ, ಹತ್ತಿ ತೇಲ್ದಂಗೆ ಬತ್ತದೆ."

"ಹಂಗಾದ್ರೆ ತಲೆ ಮೇಲೆ ಕಾಯಿ ಬೀಳೋ ಭಯ ಇಲ್ಲ ಬುಡು. ಅದೇ ಮೊದಲ್ನೇ ಉಪಯೋಗ!"

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಸುಷ್ಮಿತಾಗೆ ಸುಮ್ಮನಿರಲಾಗಲಿಲ್ಲ. ಮಳೆ ಮುನ್ಸೂಚನೆ, ಫೋನಿನಲ್ಲಿ ದಾರಿ ತೋರಿಸುವ ನಕ್ಷೆ, ಸಮುದ್ರಕ್ಕೆ ಹೋದವರಿಗೆ ಬರುವ ಬಿರುಗಾಳಿಯ ಎಚ್ಚರಿಕೆ, ಇವೆಲ್ಲ ಎಲ್ಲಿಂದ ಬಂದವು ಎಂದು ಉದ್ದಕ್ಕೆ ಬರೆದು, ಕೊನೆಗೆ ಒಂದು ಚಿತ್ರ ಹಾಕಿದಳು. 'ಗಗನನೌಕೆ ತೆಗೆದ ಚಿತ್ರ. ಯಾವ ಗ್ರಹ ಹೇಳಿ ನೋಡೋಣ?' ಎಂದು ಅದರ ಕೆಳಗೆ ಬರೆದಿದ್ದಳು.

ಅಕ್ಷರ ಮರುಳಸಿದ್ದಯ್ಯನವರಿಗೆ ಕಾಣಲಿಲ್ಲ. ಉಂಡೆ ಕಂಡಿತು. ಗಂಟಲು ಸರಿ ಮಾಡಿಕೊಂಡು ಅವರು ಮಾತು ಕಳಿಸಿದರು.

"ಯಾರ‍್ದಪ್ಪಾ ಇದು? ಎರಡನೇ ದರ್ಜೆ. ಅಟ್ಟದ ಕೆಳಗೆ ಹೊಗೆ ಜಾಸ್ತಿ ಹಾಕಿದೀರಿ. ಬಲಗಡೆ ಇಲಿ ಬಾಯಿ ಹಾಕೈತೆ. ಇನ್ನೊಂದ್ ತಿಂಗಳು ಇಟ್ಟಿದ್ರೆ ಮೈ ನುಣ್ಣಗಾಗ್ತಿತ್ತು. ಆತ್ರ ಬಿದ್ದು ಕೆಡ್ಸಿದೀರಿ. ಮುಂದಿನ ಸಲ ನನ್ನ ಕೇಳಿ ಇಳ್ಸಿ."

ಕಟ್ಟೆಗೆ ಕಣ್ಣಲ್ಲಿ ನೀರು ಸುರಿಸುತ್ತ ನಗುವ ಹಳದಿ ಮುಖಗಳು ಮಳೆಗಾಲದ ಕಪ್ಪೆಗಳಂತೆ ನೆಗೆದು ಬಂದವು.

"ಮರುಳಸಿದ್ದಣ್ಣೋ, ಅದು ಬುಧಗ್ರಹ ಕಣಣ್ಣೋ!" ಎಂದ ಭೀಮರಾಜು.

"ಸೂರ್ಯನ ಪಕ್ಕದಾಗೇ ಐತಲ್ಲ, ಅದಕ್ಕೇ ಹೊಗೆ ಜಾಸ್ತಿ ಆಗಿರ‍್ಬೇಕು," ಎಂದರು ತುರುವೇಕೆರೆಯವರು.

"ಕಣ್ಣು ಮಂಜು, ತಪ್ಪಾಯ್ತು" ಎಂದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹಾಗೆನ್ನಲು ಆಗದ ಕಾರಣ ಆಗಲೇ ಹೇಳಿದೆ. ಆದ್ದರಿಂದ ಮರುಳಸಿದ್ದಯ್ಯನವರು ಎದೆ ಸೆಟೆದು ಇನ್ನೊಂದು ಮಾತು ಕಳಿಸಿದರು.

"ಗೊತ್ತು ಕಣ್ಲಾ ಭೀಮರಾಜ! ತಮಾಷೆ ಮಾಡ್ದೆ. ಬಾಹ್ಯಾಕಾಶದ ವಿಚಾರ ನಂಗೆ ಹೇಳ್ಕೊಡ್ತೀಯಾ? ಅದ್ರಿಂದ ಏನೇನ್ ಲಾಭ ಐತೆ ಅಂತ ಹೇಳಾಕ್ ಕೂತ್ರೆ ನಿನ್ ಬಸ್ಸು ತಿಪ್ಟೂರಿಗೆ ಹೋಗಿ ಬಂದ್ರೂ ಮುಗಿಯಾಕಿಲ್ಲ."

"ಹಂಗಾದ್ರೆ ಹೇಳೇ ಬುಡಣ್ಣ! ಭಾನುವಾರ ನಂಗೆ ರಜ."

ಗುಂಪಿನ ಯಜಮಾನ ರಂಗರಾಜು ತಡಮಾಡಲಿಲ್ಲ. ಅವನಿಗೆ ಊರಿನಂಚಿನಲ್ಲಿ ದೊಡ್ಡ ಕೊಬ್ಬರಿ ಶೆಡ್ಡಿದೆ. ಭಾನುವಾರ ಹನ್ನೊಂದು ಗಂಟೆಗೆ ಅಲ್ಲೇ ಉಪನ್ಯಾಸ ಎಂದು ಗೊತ್ತುಮಾಡಿ, ಮರುಳಸಿದ್ದಯ್ಯನವರ ಪಟದ ಹಿಂದೆ ರಾಕೆಟ್ ಹಾರಿಸಿ, ಕೆಳಗೆ 'ತಜ್ಞರಿಂದ ವಿವರಣೆ' ಎಂದು ಬರೆದು ಹರಿಬಿಟ್ಟ. ರಾಕೆಟ್ಟಿನ ಬೆಂಕಿ ಸರಿಯಾಗಿ ಅವರ ತಲೆಯಿಂದಲೇ ಹೊರಟಂತಿತ್ತು.

ಇನ್ನು ಅದು ಊರೂರು ತಿರುಗಿತು. ತುರುವೇಕೆರೆ ಮುಟ್ಟುವ ಹೊತ್ತಿಗೆ ತಜ್ಞರು ಬೆಂಗಳೂರಿನವರಾಗಿದ್ದರು. ಚಿಕ್ಕನಾಯಕನಹಳ್ಳಿಗೆ ಹೋಗಿ ತಿರುಗಿ ಹಂದನಕೆರೆಗೆ ಬರುವಷ್ಟರಲ್ಲಿ ದೆಹಲಿಯಿಂದ ಮೂವರು ವಿಜ್ಞಾನಿಗಳು ಹೊರಟಾಗಿತ್ತು.

ಶನಿವಾರ ಬೆಳಿಗ್ಗೆ ಬೀದಿಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಬಿತ್ತು. ಚರಂಡಿಯಲ್ಲಿ ನೀರು ಹರಿಯಿತು; ಚರಂಡಿಗೇ ಆಶ್ಚರ್ಯವಾಗಿರಬೇಕು. ಎರಡು ವರ್ಷದಿಂದ ಉರಿಯದ ಬೀದಿದೀಪ ಹಗಲಲ್ಲೇ ಉರಿಯತೊಡಗಿತು. ಹತ್ತು ಗಂಟೆಗೆ ಪಂಚಾಯಿತಿ ಅಧಿಕಾರಿ ಅರುಣ್ ಕುಮಾರ್ ಶಾಲು ಹಾರಗಳ ಸಮೇತ ಮರುಳಸಿದ್ದಯ್ಯನವರ ಜಗಲಿಗೆ ಬಂದರು.

"ಅಮ್ಮಾ, ವಿಜ್ಞಾನಿಗಳು ಬಂದ್ರಾ?"

"ಹಿತ್ತಲಾಗೆ ಎಮ್ಮೆಗೆ ನೀರು ಕುಡಿಸ್ತಾವ್ರೆ. ಕರೀಲಾ?" ಎಂದರು ಚಿಕ್ಕಗೌರಮ್ಮ.

ಅಧಿಕಾರಿಗೆ ವಿಷಯ ತಿಳಿಯಲು ಒಂದು ಲೋಟ ಕಾಫಿ ಹಿಡಿಯಿತು. ಸಿಟ್ಟು ಬರಬಹುದಿತ್ತು. ಆದರೆ ಅವರು ಕುರ್ಚಿಗೆ ಒರಗಿ ಮನಸಾರೆ ನಕ್ಕು, "ಬಿಡಿ ಅಮ್ಮ, ಹೆಂಗೋ ಲೈಟ್ ಹಾಕ್ಸಿದ್ದಾಯ್ತು. ಬಾಹ್ಯಾಕಾಶದಿಂದ ಇಷ್ಟು ಲಾಭ ಆಯ್ತು ಅಂತ ನಾಳೆ ಹೇಳಿಸಿ," ಎಂದು, ಹಾರವನ್ನು ಅಲ್ಲೇ ಗೂಟಕ್ಕೆ ತಗಲಿಸಿ ಹೋದರು.

ಮಧ್ಯಾಹ್ನದ ಬಸ್ಸಿಗೆ ದಬ್ಬೇಘಟ್ಟದಿಂದ ಮರುಳಸಿದ್ದಯ್ಯನವರ ಅಕ್ಕ ದ್ರಾಕ್ಷಾಯಣಮ್ಮ ಇಳಿದರು. ಕಂಕುಳಲ್ಲಿ ಎರಡು ಸೇರು ಹೆಸರುಕಾಳಿನ ಗಂಟು.

"ಏನೋ ಮರುಳ, ಬುಧನಿಗೇ ಎರಡನೇ ದರ್ಜೆ ಅಂದ್ಯಂತಲ್ಲೋ! ಗ್ರಹಗಳ್ನ ಬೈದು ಯಾರ್ ಉದ್ಧಾರ ಆಗವ್ರೆ? ಹೆಸರುಕಾಳು ಅವನಿಗೆ ಪ್ರೀತಿ. ದಾನ ಕೊಟ್ಟು ತಪ್ಪಾಯ್ತು ಅನ್ನು."

"ಬೈದಿಲ್ಲ ಕಣಕ್ಕ. ದರ್ಜೆ ಹೇಳ್ದೆ, ಅಷ್ಟೇಯ."

"ಸದ್ಯ! ಮೂರನೇದು ಅಂದಿದ್ರೆ ನಮ್ ಮನೆತನದ ಗತಿ ಏನು?"

ಸಂಜೆ ಸುಷ್ಮಿತಾ ಬಂದಳು. ತನ್ನ ಚಿತ್ರದಿಂದಲೇ ಇಷ್ಟೆಲ್ಲ ಆಯಿತಲ್ಲ ಎಂದು ಅವಳಿಗೆ ಸಂಕೋಚ. ನಾಲ್ಕು ಹಾಳೆಗಳಲ್ಲಿ ಎಲ್ಲವನ್ನೂ ದುಂಡಗೆ ಬರೆದು ತಂದಿದ್ದಳು.

"ದೊಡ್ಡಪ್ಪ, ನಾಳೆ ಗೋಡೆ ಮೇಲೆ ಒಂದೊಂದೇ ಚಿತ್ರ ಬಿಡ್ತೀನಿ. ನೀವು ಇದನ್ನ ನೋಡ್ಕೊಂಡು ವಿವರ ಹೇಳಿದ್ರೆ ಸಾಕು. ಓದಕ್ಕೆ ಆಗುತ್ತಲ್ವಾ?"

"ಅಕ್ಷರ ಮುತ್ತಿನಂಗವೆ ಕಣಮ್ಮ," ಎಂದು ಮರುಳಸಿದ್ದಯ್ಯನವರು ಹಾಳೆಗಳನ್ನು ಮಡಿಸಿ ಜೇಬಿಗೆ ಇಟ್ಟರು. ಇಟ್ಟದ್ದು ಅಲ್ಲೇ ಉಳಿಯಿತು.

ಭಾನುವಾರ ರಂಗರಾಜುವಿನ ಶೆಡ್ಡು ತುಂಬಿತ್ತು. ಒಂದು ಕಡೆ ಒಡೆಯದ ಕಾಯಿಗಳ ರಾಶಿ, ಇನ್ನೊಂದು ಕಡೆ ಕರಟದ ಗುಡ್ಡ, ನಡುವೆ ಜನ. ಗೋಡೆಗೆ ಬಿಳಿ ಪಂಚೆ ಕಟ್ಟಿ ಅದರ ಮೇಲೆ ಚಿತ್ರ ಬೀಳಿಸುವ ವ್ಯವಸ್ಥೆಯಾಗಿತ್ತು. ಎರಡನೇ ಸಾಲಿನಲ್ಲಿ ಚಿಕ್ಕಗೌರಮ್ಮ, ದ್ರಾಕ್ಷಾಯಣಮ್ಮ. ಕರಟದ ಗುಡ್ಡಕ್ಕೆ ಒರಗಿ ಕೆಂಪಕ್ಕ ಮತ್ತವಳ ಜೊತೆ ಕೊಬ್ಬರಿ ಒಡೆಯುವ ಹೆಂಗಸರು. ರಂಗರಾಜು ಪಂಚಾಯಿತಿಯ ಹಾರವನ್ನೇ ತಂದು ಮರುಳಸಿದ್ದಯ್ಯನವರ ಕೊರಳಿಗೆ ಹಾಕಿದ.

ಮೊದಲ ಚಿತ್ರ ಬಿತ್ತು. ಸಮುದ್ರದ ಮೇಲೆ ಚಕ್ರದಂತೆ ಸುತ್ತಿದ ಚಂಡಮಾರುತ, ಮೇಲಿನಿಂದ ಉಪಗ್ರಹ ಕಂಡಂತೆ. ಮರುಳಸಿದ್ದಯ್ಯನವರಿಗೆ ನಡುವಿನಿಂದ ಸುತ್ತಲೂ ಚಾಚಿಕೊಂಡ ಏನೋ ಬೆಳ್ಳಗೆ ಕಂಡಿತು. ಅಂಥದ್ದು ಅವರ ಬದುಕಿನಲ್ಲಿ ಒಂದೇ ಒಂದು ಇತ್ತು.

"ಇದು ತೆಂಗಿನ ಮಂಡೆ. ಮೇಲಿಂದ ನೋಡಿದ್ರೆ ಹಿಂಗೇ ಕಾಣೋದು. ಗರಿ ಎಲ್ಲಾ ಬಿಳುಚಿಕೊಂಡವೆ, ಬುಡಕ್ಕೆ ಬೇವಿನ ಹಿಂಡಿ ಹಾಕ್ಬೇಕು."

"ದೊಡ್ಡಪ್ಪ, ಚಂಡಮಾರುತ..." ಎಂದು ಸುಷ್ಮಿತಾ ಪಿಸುಗುಟ್ಟಿದಳು.

"ಅದೇ ಅಂದಿದ್ದು! ಚಂಡಮಾರುತ ಬಂದ್ರೆ ಮಂಡೆ ಗತಿ ಹಿಂಗಾಗ್ತದೆ. ಮೊದ್ಲೇ ಗೊತ್ತಾದ್ರೆ ಒಳ್ಳೇದಲ್ವಾ? ಅದೇ ಲಾಭ!"

ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು. ಇವರು ಬೇಕೆಂದೇ ಹೀಗೆ ಹೇಳುತ್ತಿದ್ದಾರೆ, ಎಂಥ ಮಾತುಗಾರಿಕೆ ಎಂದುಕೊಂಡರು.

ಎರಡನೇ ಚಿತ್ರ, ಬಿಳಿ ಉಡುಪಿನಲ್ಲಿ ಆಕಾಶದಲ್ಲಿ ತೇಲುವ ಗಗನಯಾತ್ರಿ.

"ಬಿಳಿ ನೊಣ," ಎಂದರು ಮರುಳಸಿದ್ದಯ್ಯನವರು ಖಚಿತವಾಗಿ. "ಗರಿ ಅಡೀಲಿ ಹಿಂಗೇ ತೇಲಾಡ್ತಿರ‍್ತದೆ. ದೊಡ್ಡದು ಮಾಡಿ ತೋರಿಸವ್ರೆ."

ಭೀಮರಾಜು ನಗು ತಡೆಯಲಾರದೆ ಕಾಯಿರಾಶಿಯ ಮೇಲೆ ಒರಗಿ, ನಾಲ್ಕು ಕಾಯಿ ಉರುಳಿಸಿದ. ಮರುಳಸಿದ್ದಯ್ಯನವರಿಗೆ ಧೈರ್ಯ ಬಂತು. ಏನು ಹೇಳಿದರೂ ನಡೆಯುತ್ತಿದೆ!

ಮೂರನೆಯದು ಕೊನೆಯ ಚಿತ್ರ. ಗುರುವಾರದಿಂದ ಬಂದು ಹೋದವರಿಗೆಲ್ಲ ಕಾಫಿ ತಿಂಡಿ ಕೊಟ್ಟು ಸುಸ್ತಾದ ಜೀವಕ್ಕೆ ವಂದನೆ ಹೇಳಬೇಕೆಂದು ಸುಷ್ಮಿತಾ ಯಾರಿಗೂ ಹೇಳದೆ ಸೇರಿಸಿದ್ದಳು. ಕೆಂಪು ಸೀರೆಯ ಸೆರಗು ತಲೆಗೆ ಹೊದ್ದು, ಜಗಲಿಯಲ್ಲಿ ನಗುತ್ತಿರುವ ಚಿಕ್ಕಗೌರಮ್ಮನ ಮುಖ ಪಂಚೆಯ ತುಂಬ ಮೂಡಿತು.

ಮರುಳಸಿದ್ದಯ್ಯನವರು ಕಣ್ಣು ಕಿರಿದು ಮಾಡಿ ನೋಡಿದರು.

"ಇದು ಮಂಗಳಗ್ರಹ. ಕೆಂಪಗೆ, ದುಂಡಗೆ ಐತೆ ನೋಡಿ. ದೂರದಿಂದ ಬಲು ಚೆಂದ. ಹತ್ರ ಹೋದ್ರೆ ಸುಮ್‌ಸುಮ್ನೆ ಬಿರುಗಾಳಿ ಏಳ್ತದೆ. ಮನುಷ್ಯರು ಅಲ್ಲಿ ಬದುಕೋದು ಕಷ್ಟ."

ಶೆಡ್ಡಿನ ತಗಡು ಹಾರಿಹೋಗುವಂತೆ ನಗೆ ಎದ್ದಿತು. ದ್ರಾಕ್ಷಾಯಣಮ್ಮನವರಂತೂ ಹೆಸರುಕಾಳಿನ ಗಂಟಿನಲ್ಲಿ ಮುಖ ಮುಚ್ಚಿಕೊಂಡರು. ನಗದೆ ಇದ್ದವರು ಒಬ್ಬರೇ. ಚಿಕ್ಕಗೌರಮ್ಮ ಮೆಲ್ಲಗೆ ಎದ್ದು ನಿಂತರು.

"ರೀ, ಇಲ್ಲಿ ನೋಡಿ. ಎಷ್ಟು ಬೆರಳು ತೋರಿಸ್ತಿದೀನಿ?"

ಮರುಳಸಿದ್ದಯ್ಯನವರು ದನಿ ಬಂದ ಕಡೆ ನೋಡಿದರು. ಗಂಜಿಯೊಳಗೆ ಏನೋ ಕೆಂಪಗೆ ಅಲುಗಿತು.

"ಮೂರು."

ಚಿಕ್ಕಗೌರಮ್ಮನ ಎರಡೂ ಕೈ ಸೆರಗಿನೊಳಗಿದ್ದವು.

ನಗು ಒಂದೊಂದೇ ಮೂಲೆಯಿಂದ ಆರಿಹೋಯಿತು. ಸುಷ್ಮಿತಾ ಚಿತ್ರವನ್ನು ಆರಿಸಿದಳು. ಆಗ ಭೀಮರಾಜು ಬಾಯಿ ಬಿಟ್ಟ. ಕೆಟ್ಟವನಲ್ಲ; ಬಸ್ಸಿನಲ್ಲಿ ಕೂಗಿ ಕೂಗಿ ಅಭ್ಯಾಸ, ಮೆಲ್ಲಗೆ ಹೇಳಲು ಬಾರದು.

"ಅಣ್ಣೋ, ಹಂಗಾದ್ರೆ ಎರಡು ವರ್ಷದಿಂದ ನಮ್ ಕೊಬ್ಬರಿಗೆ ದರ್ಜೆ ಹೇಳಿದ್ದು ಯಾರು?"

ಮರುಳಸಿದ್ದಯ್ಯನವರು ಕೊರಳ ಹಾರ ತೆಗೆಯತೊಡಗಿದರು. ಅದು ಕಿವಿಗೆ ಸಿಕ್ಕಿಕೊಂಡಿತು.

"ಅಯ್ಯನೋರೇ ಹೇಳಿದ್ದು!" ಕರಟದ ಗುಡ್ಡದ ಕಡೆಯಿಂದ ಕೆಂಪಕ್ಕ ಎದ್ದಿದ್ದಳು. "ಅಟ್ಟ ಹತ್ತಿ ಕುಲುಕಿದ್ದು ಅವ್ರು, ಕೇಳಿದ್ದು ಅವ್ರ ಕಿವಿ. ಒಡೆದ ಮೇಲೆ ಬೂಷ್ಟು ಗೀಷ್ಟು ಇದ್ರೆ ನೋಡಿ ಅತ್ಲಾಗೆ ಹಾಕಿದ್ದು ನನ್ ಕಣ್ಣು. ಯಾರ್ ಕೊಬ್ಬರಿಯಾದ್ರೂ ಸಂತೇಲಿ ವಾಪಸ್ ಬಂತಾ? ಬಂದಿದ್ರೆ ಹೇಳಿ."

ಯಾರದೂ ಬಂದಿರಲಿಲ್ಲ.

"ನಿಂಗೆ ಗೊತ್ತಿತ್ತಾ ಕೆಂಪಕ್ಕ? ಎರಡು ವರ್ಷದಿಂದ?" ಮರುಳಸಿದ್ದಯ್ಯನವರ ದನಿ ಸಣ್ಣಗಾಗಿತ್ತು.

"ಹೂಂ. ಒಂದಿನ ನೀವು ಕರಟಕ್ಕೇ ಮೊದಲ್ನೇ ದರ್ಜೆ ಅಂದ್ರಿ. ಅವತ್ತು ಗೊತ್ತಾಯ್ತು."

"ಮತ್ತೆ ಒಂದ್ ಮಾತು ಹೇಳ್ಬಾರ‍್ದಾ?"

"ಹೇಳಾಕೇನೈತೆ? ನನ್ ಬಾಣಂತನದಾಗೆ ಚಿಕ್ಕಗೌರಕ್ಕ ಮೂರು ತಿಂಗ್ಳು ಬಿಸಿ ಅನ್ನ, ಮೆಣಸಿನ ಸಾರು ಕಳ್ಸಿದ್ರು. ಅವ್ರೇನ್ ಡಂಗುರ ಹೊಡೆಸಿದ್ರಾ? ಅಯ್ಯನೋರ ಕಿವಿ, ನನ್ ಕಣ್ಣು. ಇಬ್ರೂ ಸೇರಿ ಒಬ್ಬ ಪೂರಾ ಮನುಷ್ಯ ಆಗಿದ್ವಿ ಬುಡಿ."

ಭೀಮರಾಜು ತಲೆ ಕೆರೆದುಕೊಂಡ. ಆಮೇಲೆ ತಾನೇ ಉರುಳಿಸಿದ್ದ ಕಾಯಿಗಳಲ್ಲಿ ಒಂದನ್ನು ಎತ್ತಿ ತಂದು ಮರುಳಸಿದ್ದಯ್ಯನವರ ಕೈಯಲ್ಲಿಟ್ಟ.

"ಇದನ್ನ ಹೇಳಣ್ಣ."

ಅವರು ಕಿವಿಯ ಹತ್ತಿರ ಎರಡು ಸಲ ಕುಲುಕಿದರು.

"ಇಪ್ಪತ್ತು ದಿನ ಮೊದ್ಲೇ ಇಳ್ಸವ್ರೆ. ಒಳಗೆ ಒಂದ್ ಚಮಚ ನೀರೈತೆ."

ಕೆಂಪಕ್ಕ ಮಚ್ಚಿನ ಹಿಂಬದಿಯಿಂದ ಒಂದೇಟು ಹಾಕಿ ಕರಟ ಬಿಡಿಸಿ ಉಂಡೆಯನ್ನು ಸೀಳಿದಳು. ಒಂದು ಚಮಚ ನೀರು ಭೀಮರಾಜುವಿನ ಅಂಗೈಗೆ ಬಿತ್ತು.

"ಕಿವಿ ಮೊದಲ್ನೇ ದರ್ಜೆ," ಎಂದು ಅವನು ಇಡೀ ಬಸ್ಸಿಗೆ ಕೇಳುವಂತೆ ಸಾರಿದ. "ಕಣ್ಣು ರಿಪೇರಿ ಆಗ್ಬೇಕು. ಬುಧವಾರ ತಿಪ್ಟೂರು ಕಣ್ಣಿನಾಸ್ಪತ್ರೆಗೆ ನನ್ ಬಸ್ಸಾಗೇ ಹೋಗೋದು. ಮುಂದಿನ ಸೀಟು ಹಿಡಿದಿಟ್ಟಿರ‍್ತೀನಿ."

"ಕತ್ತಿ ಗಿತ್ತಿ..." ಎಂದರು ಮರುಳಸಿದ್ದಯ್ಯನವರು.

"ದೊಡ್ಡಪ್ಪ, ಇಪ್ಪತ್ತು ನಿಮಿಷದ ಕೆಲಸ. ನೋವೇ ಗೊತ್ತಾಗಲ್ಲ," ಎಂದಳು ಸುಷ್ಮಿತಾ. "ಆಮೇಲೆ ಓದೋಕೆ ಕನ್ನಡಕ ಕೊಡ್ತಾರೆ. ಅದಕ್ಕೆ ಗೀರು ಬೀಳಬಾರದು ಅಂತ ಒಂದು ಲೇಪ ಹಚ್ಚಿರ‍್ತಾರಲ್ಲ, ಅದರ ಹಿಂದೆ ಬಾಹ್ಯಾಕಾಶದವರು ಮಾಡಿದ ಸಂಶೋಧನೆ ಇದೆ. ಗಗನಯಾತ್ರಿಗಳ ಟೋಪಿಯ ಗಾಜಿಗೂ ಅಂಥದ್ದನ್ನೇ ಹಚ್ಚಿದ್ರು."

"ಇದನ್ನ ಮೊದ್ಲೇ ಹೇಳ್ಬಾರ‍್ದಾಗಿತ್ತಾ ಮಗಾ?"

"ಬರೆದು ಕೊಟ್ಟಿದ್ನಲ್ಲ ದೊಡ್ಡಪ್ಪ. ನಾಲ್ಕನೇ ಹಾಳೆ."

ದ್ರಾಕ್ಷಾಯಣಮ್ಮನವರು ಬುಧನಿಗೆಂದು ತಂದ ಹೆಸರುಕಾಳು ಅಷ್ಟು ಹೊತ್ತಿಗೆ ಶೆಡ್ಡಿನ ಹಿಂದಿನ ಒಲೆ ಹತ್ತಿತ್ತು. ತೆಂಗಿನತುರಿ ಹಾಕಿದ ಉಸಲಿ ಎಲ್ಲರಿಗೂ ಒಂದೊಂದು ಮುತ್ತುಗದೆಲೆ ಬಂತು. ಗ್ರಹಕ್ಕೆ ಮುಟ್ಟಿತೋ ಇಲ್ಲವೋ, ಯಾರೂ ದೂರು ತರಲಿಲ್ಲ.

ಬುಧವಾರ ಬಸ್ಸಿನ ಮುಂದಿನ ಸೀಟಿನಲ್ಲಿ ಟವೆಲ್ ಹಾಸಿತ್ತು. ಸೀಟು ಹಿಡಿದಿಟ್ಟ ಭೀಮರಾಜುವೇ, "ಮುಂದಿನ ಸೀಟು ಪೇಷಂಟ್‌ದು, ಯಾರೂ ಕೂರಂಗಿಲ್ಲ" ಎಂದು ಮರುಳಸಿದ್ದಯ್ಯನವರನ್ನೂ ಒಮ್ಮೆ ಎಬ್ಬಿಸಿಬಿಟ್ಟ. ಅಷ್ಟು ಗಾಬರಿ ಅವನಿಗೆ. ಅರುಣ್ ಕುಮಾರ್ ಕಾಗದಪತ್ರಗಳನ್ನೆಲ್ಲ ತುಂಬಿಸಿ ಕಳಿಸಿದ್ದರು. ಮೊದಲು ಬಲಗಣ್ಣು, ತಿಂಗಳ ಮೇಲೆ ಎಡಗಣ್ಣು ಆಯಿತು. ನೋವಾಗಲಿಲ್ಲ. ಡಾಕ್ಟರು, "ಇಷ್ಟು ದಿನ ಹೆಂಗೆ ಓಡಾಡ್ತಿದ್ರಿ?" ಎಂದು ಕೇಳಿದಾಗ, "ಊರೋರು ದಾರಿ ಬುಡ್ತಿದ್ರು ಸ್ವಾಮಿ, ನಂಗೇ ಗೊತ್ತಾಗಿರ್ಲಿಲ್ಲ," ಎಂದರು.

ಆ ಒಂದೂವರೆ ತಿಂಗಳು ಹರಟೆ ಕಟ್ಟೆಯಲ್ಲಿ ಯಾರೂ ಅಕ್ಷರ ಬರೆಯಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ತಾವಾಗಿಯೇ ಎಲ್ಲರೂ ಮಾತು ಕಳಿಸತೊಡಗಿದರು. ಬೆಳಗಿನ ಶುಭಾಶಯದ ಚಿತ್ರಗಳಿಗೂ ಬಾಯಿ ಬಂತು.

"ಶುಭೋದಯ ಮರುಳಸಿದ್ದಣ್ಣ. ಇದ್ರಾಗೆ ಒಂದ್ ಗುಲಾಬಿ ಹೂವೈತೆ. ಪಕ್ಕದಾಗೆ ಟೀ ಲೋಟ. ಹಬೆ ಬತ್ತೈತೆ."

"ಅಣ್ಣ, ನಾನ್ ಹಾಕಿರೋದು ಸೂರ್ಯೋದಯ. ಗುಡ್ಡ ಐತೆ, ಎರಡು ಹಕ್ಕಿ. ಅಲ್ಲಲ್ಲ, ಮೂರು."

ಮರುಳಸಿದ್ದಯ್ಯನವರು ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತು ಇನ್ನೂರ ನಲವತ್ತು ಮಂದಿಯ ಹೂವುಗಳನ್ನು ಒಂದೂ ಬಿಡದೆ ಕೇಳುತ್ತಿದ್ದರು. ನಡುವೆ ಒಂದು ಸಲ ರಂಗರಾಜುವಿಗೆ, "ಕೆಂಪಕ್ಕನ್ನ ಗುಂಪಿಗೆ ಸೇರ‍್ಸು. ಇಷ್ಟು ದಿನ ಸೇರಿಸ್ದೆ ಇದ್ದಿದ್ದೇ ತಪ್ಪು," ಎಂದು ಅಪ್ಪಣೆ ಮಾಡಿದರು. ಕಟ್ಟೆ ಇನ್ನೂರ ನಲವತ್ತೊಂದಾಯಿತು.

ಓದುವ ಕನ್ನಡಕ ಬಂದ ಬೆಳಿಗ್ಗೆ ಅವರು ಮೊದಲು ನೋಡಿದ್ದು ಕಾಫಿ ತಂದ ಹೆಂಡತಿಯನ್ನು. ಬಹಳ ಹೊತ್ತು ನೋಡಿದರು.

"ನಿನ್ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೇ?"

"ನೀವು ಮಂಗಳಗ್ರಹಕ್ಕೆ ಹೋಗಿದ್ರಲ್ಲ, ಆವಾಗ," ಎಂದರು ಚಿಕ್ಕಗೌರಮ್ಮ. "ಹೆಂಗೈತೆ ಈಗ? ಬದುಕಬೋದಾ ಇಲ್ಲಿ?"

"ಬದುಕಬೋದು ಕಣೇ. ಕಾಫಿನೂ ಸಿಕ್ತದೆ."

ಆಮೇಲೆ ಗೂಟದ ಅಂಗಿಯ ಜೇಬಿನಿಂದ ಸುಷ್ಮಿತಾಳ ನಾಲ್ಕು ಹಾಳೆ ತೆಗೆದು, ಒಂದಕ್ಷರ ಬಿಡದೆ ಓದಿದರು. ಅಕ್ಷರ ನಿಜವಾಗಿ ಮುತ್ತಿನಂತಿತ್ತು. ಫೋನಿನಲ್ಲಿ ಹಿಂದೆ ಹಿಂದೆ ಹೋಗಿ ಆ ಗುರುವಾರದ ಚಿತ್ರ ಹುಡುಕಿ, ದೊಡ್ಡದು ಮಾಡಿ, ಮೇಲೆ ಕೆಳಗೆ ತಿರುಗಿಸಿ ನೋಡಿದರು. ಎರಡು ವರ್ಷದ ಮೇಲೆ ಮೊದಲ ಬಾರಿಗೆ ಒಂದೊಂದೇ ಅಕ್ಷರ ಒತ್ತಿದರು.

'ಸುಷ್ಮಿತಾ ಮಗಳಿಗೆ, ಕಟ್ಟೆಯ ಸಮಸ್ತರಿಗೆ ನಮಸ್ಕಾರ. ನಿಮ್ಮೆಲ್ಲರ ಉಪಕಾರದಿಂದ ಈ ದಿನ ಚಿತ್ರವನ್ನು ಸರಿಯಾಗಿ ನೋಡಿದೆ. ಇದು ಬುಧಗ್ರಹವೇ ಹೌದು, ಕೊಬ್ಬರಿಯಲ್ಲ. ಇಲಿ ಕಡಿದದ್ದೂ ಅಲ್ಲ. ಆದರೆ ದರ್ಜೆ ಮಾತ್ರ ಎರಡನೆಯದೇ.'

ಎರಡು ನಿಮಿಷಕ್ಕೆ ಕೆಂಪಕ್ಕನ ದನಿ ಬಂತು. ಹಿಂದೆ ಕರಟ ಒಡೆಯುವ ಸದ್ದು.

"ಅಯ್ಯನೋರೆ, ಎಡಗಡೆ ಇನ್ನೊಂದ್ ಸಲ ನೋಡಿ. ಮೂರನೇದು."